ಕಲ್ಲುಸಕ್ಕರೆ ತಿಂದ ಕೆಂಚಿ

ಆಯುಧಪೂಜೆಯ ದಿನ ಕೋಗಿಲು ಊರಿನ ಮನೆಯ ಮುಂದೆ ಕಾರಿನ ಬಾನೆಟ್ ಎತ್ತಿ, ಏರ್ ಫಿಲ್ಟರ್ ಬಿಚ್ಚಿ, ಅದನ್ನು ತೊಳೆದು ಬಿಸಿಲಿಗಿಡಲು ಮಹಡಿಗೆ ಹೋದದ್ದು ಚೈತ್ರಳ ತಪ್ಪು. ಆ ಹೊತ್ತಿಗೇ ಪೂಜೆಯ ತಟ್ಟೆ ಹಿಡಿದು ಹೊರಗೆ ಬಂದದ್ದು ಅವಳ ಅಜ್ಜಿ ಸುಬ್ಬಮ್ಮನ ಉತ್ಸಾಹ. ಎರಡೂ ಸೇರಿದರೆ ಏನಾಗುತ್ತದೆ ಅನ್ನುವುದು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ.

ಕಾರು ಕೆಂಪು ಬಣ್ಣದ ಪುಟ್ಟ ಹ್ಯಾಚ್‌ಬ್ಯಾಕ್. ಮನೆಗೆ ಬಂದ ದಿನವೇ ಸುಬ್ಬಮ್ಮ ಅದಕ್ಕೆ ಕೆಂಚಿ ಎಂದು ಹೆಸರಿಟ್ಟಿದ್ದಳು. ಕೊಟ್ಟಿಗೆಯಲ್ಲಿ ದನಗಳಿದ್ದ ಕಾಲದಲ್ಲಿ ಅವಳ ಮುದ್ದಿನ ಹಸುವಿನ ಹೆಸರೂ ಅದೇ. ಹಬ್ಬದ ದಿನ ಹಣೆಗೆ ಕುಂಕುಮ ಇಟ್ಟುಬಿಟ್ಟರೆ ಸಾಕೇ, ಬಾಯಿಗೂ ಏನಾದರೂ ಸಿಹಿ ಬೀಳಬೇಡವೇ? ಈ ಕಾರಿಗೆ ಬಾಯಿ ಎಲ್ಲಿದೆ ಎಂದು ಅವಳು ಪ್ರತಿ ವರ್ಷ ಹುಡುಕಿ ಸೋತಿದ್ದಳು. ಈ ವರ್ಷ ಬಾನೆಟ್ಟಿನ ಕೆಳಗೆ ಕಪ್ಪಗೆ, ದುಂಡಗೆ, ಆ ಎಂದು ತೆರೆದುಕೊಂಡಿದ್ದ ಕೊಳವೆ ಕಣ್ಣಿಗೆ ಬಿತ್ತು. ಅಂತೂ ಸಿಕ್ಕಿತಲ್ಲ ಎಂದು ಹಿಗ್ಗಿ ಒಂದು ಹಿಡಿ ಅಕ್ಷತೆಯನ್ನೂ ನಾಲ್ಕಾರು ಹರಳು ಕಲ್ಲುಸಕ್ಕರೆಯನ್ನೂ ಅದರೊಳಗೆ ಹಾಕಿ, ಬೆರಳಿನಿಂದ ಒಳಕ್ಕೆ ನೂಕಿ, ಕಾರಿನ ಕೆನ್ನೆ ಸವರಿ ಒಳಗೆ ಹೋದಳು.

ಚೈತ್ರ ಇಳಿದು ಬಂದಳು. ಫಿಲ್ಟರ್ ಕೂರಿಸಿ, ಬಾನೆಟ್ ಮುಚ್ಚಿ, ಚಕ್ರದ ಕೆಳಗಿನ ನಿಂಬೆಹಣ್ಣನ್ನು ಪಚಕ್ಕೆಂದು ತುಳಿಸಿ ರಸ್ತೆಗಿಳಿದಳು. ವಾರವಿಡೀ ಸಂಜಯನಗರದ ತನ್ನ ಕ್ಲಿನಿಕ್ಕಿನಲ್ಲಿ ಬೇರೆಯವರ ಹಲ್ಲು ನೋಡುವ ಡಾಕ್ಟರಿಗೆ ರಜೆಯ ದಿನ ಖಾಲಿ ರಸ್ತೆ ಕಂಡರೆ ಕಾಲು ಸುಮ್ಮನಿರುವುದಿಲ್ಲ. ಒತ್ತಿದಳು. ಒತ್ತಿದಾಗಲೆಲ್ಲ ಸಣ್ಣಗೆ ಶಿಳ್ಳೆ ಹಾಕುತ್ತಿದ್ದ ಕೆಂಚಿ ಈ ಸಲ ಕಿರ್ರೆಂದು ಹಲ್ಲು ಕಡಿದು, ದೊಡ್ಡದೊಂದು ಆಕಳಿಕೆ ತೆಗೆದು ಸೊರಗಿಹೋಯಿತು.

ಹೆಬ್ಬಾಳದ ಗ್ಯಾರೇಜಿನಲ್ಲಿ ಶಿವರಾಮ್ ಕೊಳವೆಗಳನ್ನು ಬಿಚ್ಚಿ ಕೆಳಗೆ ಪೇಪರ್ ಹಾಸಿ ಕೊಡವಿದ. ಅರಿಶಿನ ಬಣ್ಣದ ಅಕ್ಕಿಪುಡಿ ಉದುರಿತು. ಓಟದ ಕಾರುಗಳನ್ನೇ ಹದ ಮಾಡಿ ಹೆಸರು ಮಾಡಿದವನು ಅವನು. ಇಂಥದ್ದನ್ನು ಮಾತ್ರ ನೋಡಿರಲಿಲ್ಲ.

"ಡಾಕ್ಟ್ರೇ, ಇದ್ರೊಳಗೆ ಚಿತ್ರಾನ್ನ ಕಲಸಿದ್ದು ಯಾರು?"

ಇಂಜಿನ್ನಿಗೆ ಗಾಳಿ ಒತ್ತಿ ತುಂಬಿ ಬಲ ಕೊಡುವ ಟರ್ಬೊ ಒಳಗೆ ಚೈತ್ರ ಟಾರ್ಚ್ ಬಿಟ್ಟು ನೋಡಿದಳು. ಗಾಳಿ ಎಳೆಯುವ ಪುಟ್ಟ ಚಕ್ರದ ರೆಕ್ಕೆಗಳ ತುದಿಗಳು ಮುರಿದು ಮೊಂಡಾಗಿದ್ದವು. ದಿನವೂ ನೋಡುವ ಮುರುಕು ಹಲ್ಲುಗಳೇ. ಆದರೆ ಇದಕ್ಕೆ ಸಿಮೆಂಟ್ ತುಂಬಿ ಕಳಿಸುವ ಹಾಗಿಲ್ಲ.

"ಹೊಸದೇ ಆಗ್ಬೇಕು," ಅಂದ ಶಿವರಾಮ್. "ಬೇಜಾರಾಯ್ತಾ?"

ಬೇಜಾರು ಆಗಬೇಕಿತ್ತು. ಸತ್ಯ ಹೇಳಬೇಕೆಂದರೆ ಚೈತ್ರಳಿಗೆ ಒಳಗೊಳಗೇ ಖುಷಿಯಾಗಿತ್ತು. ಚೆನ್ನಾಗಿದ್ದ ಟರ್ಬೊ ಕಿತ್ತು ದೊಡ್ಡದು ಹಾಕಿಸುತ್ತೇನೆ ಅಂದಿದ್ದರೆ ಮನೆಯಲ್ಲಿ ಎಲ್ಲರೂ ಮೈಮೇಲೆ ಬೀಳುತ್ತಿದ್ದರು. ಈಗ ಕೆಟ್ಟಿದೆ; ಕೆಡಿಸಿದವಳು ಮನೆಗೇ ಹಿರಿಯಳು; ಯಾರೂ ಬಾಯಿ ಬಿಡುವಂತಿಲ್ಲ.

ಇಷ್ಟು ಹಿಗ್ಗಲು ಕಾರಣವಿತ್ತು. ಸುಬ್ಬಮ್ಮನ ಹಿರಿಯ ಮಗ, ಚೈತ್ರಳ ದೊಡ್ಡಪ್ಪ ಬೈರಣ್ಣ, ಮಾಕಳಿಯ ಹತ್ತಿರ ಒಂದು ಲೇಔಟ್ ಮಾಡಿದ್ದ. ರಸ್ತೆಗಳಾಗಿದ್ದವು, ಚರಂಡಿಯಾಗಿತ್ತು, ಎತ್ತರದ ನೀರಿನ ಟ್ಯಾಂಕೂ ಎದ್ದಿತ್ತು. ಮನೆಗಳು ಮಾತ್ರ ಇರಲಿಲ್ಲ. ಮನೆಯಿಲ್ಲದ ರಸ್ತೆಯಲ್ಲಿ ಹುಡುಗರು ಸುಮ್ಮನಿರುತ್ತಾರೆಯೇ? ಬೈರಣ್ಣನ ಮಗ ಶರತ್ ಶುರು ಮಾಡಿದ. ಪ್ರತಿ ವರ್ಷ ದೀಪಾವಳಿಗೆ ಮುಂಚಿನ ಭಾನುವಾರ ಲೇಔಟಿನ ಗೇಟು ಹಾಕಿ, ರಸ್ತೆಗೆ ಕೋನ್ ಜೋಡಿಸಿ, ಹೆಲ್ಮೆಟ್ ತೊಟ್ಟು, ಆಂಬುಲೆನ್ಸ್ ನಿಲ್ಲಿಸಿಕೊಂಡು ಒಬ್ಬೊಬ್ಬರಾಗಿ ಓಡಿಸುವುದು. ಕಡಿಮೆ ಹೊತ್ತಿನಲ್ಲಿ ಸುತ್ತು ಮುಗಿಸಿದವರ ಹೆಸರನ್ನು ನೀರಿನ ಟ್ಯಾಂಕಿನ ಕಂಬದ ಮೇಲೆ ನೀಲಿ ಬಣ್ಣದಲ್ಲಿ ಬರೆಯುವುದು. ಅಲ್ಲಿ ಈಗ ಒಂದರ ಕೆಳಗೊಂದು ಇದ್ದ ಹೆಸರುಗಳು: ಶರತ್, ಶರತ್, ಶರತ್, ಶರತ್. ಎಲ್ಲ ವರ್ಷವೂ ಎರಡನೆಯವಳಾಗಿ ಬಂದವಳು ಚೈತ್ರ. ಎರಡನೆಯವರ ಹೆಸರು ಬರೆಯುವ ಪದ್ಧತಿ ಇರಲಿಲ್ಲ.

ಈ ವರ್ಷ ಸೈಟುಗಳೆಲ್ಲ ಮಾರಾಟವಾಗಿದ್ದವು. ದೀಪಾವಳಿ ಕಳೆದರೆ ಪಾಯ ತೋಡುತ್ತಾರೆ. ಇದೇ ಕೊನೆಯ ಓಟ. ಟ್ಯಾಂಕು ಉಳಿಯುತ್ತದೆ, ಅದರ ಮೇಲಿನ ಹೆಸರುಗಳೂ ಉಳಿಯುತ್ತವೆ. ಒಂದು ಸಲವಾದರೂ ತನ್ನ ಹೆಸರು ಅಲ್ಲಿ ಬೀಳಬೇಕು ಅನ್ನುವುದು ಚೈತ್ರಳ ಆಸೆ. ಆಸೆ ಅನ್ನುವುದಕ್ಕಿಂತ ಹುಚ್ಚು ಅಂದರೆ ಸರಿ.

ಕೋಗಿಲಿನಲ್ಲಿ ಸುಬ್ಬಮ್ಮ ಊಟ ಬಿಟ್ಟು ಕೂತಿದ್ದಳು.

"ಕೆಂಚಿಗೆ ನಾನೇ ವಿಸ ಇಕ್ದಂಗಾಯ್ತಲ್ಲವ್ವ. ಇಂಗಾಯ್ತದೆ ಅಂತ ನಂಗೇನ್ ಗೊತ್ತು."

"ವಿಷ ಅಲ್ಲಜ್ಜಿ, ಕಲ್ಲುಸಕ್ಕರೆ. ಅದೂ ಪ್ರೀತಿಯಿಂದ ಹಾಕಿದ್ದು. ಏಳು, ಊಟ ಮಾಡು."

"ಇನ್ ಮ್ಯಾಲೆ ಅದರ ಅತ್ರಕ್ಕೂ ಓಗಾಕಿಲ್ಲ ನಾನು," ಎಂದು ಸುಬ್ಬಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಆ ಕೈಯಲ್ಲಿ ಇನ್ನೂ ಏನೋ ಅಂಟಿಕೊಂಡಿದೆ ಅನ್ನುವ ಹಾಗೆ.

ಮಾರನೆಯ ವಾರ ಶಿವರಾಮ್ ಚೈತ್ರಳನ್ನು ಯಶವಂತಪುರಕ್ಕೆ, ಅತಾವುಲ್ಲಾನ ಅಂಗಡಿಗೆ ಕರೆದುಕೊಂಡು ಹೋದ. ನೆಲದಿಂದ ಸೂರಿನವರೆಗೆ ಟರ್ಬೊಗಳು: ಲಾರಿಯದು, ಜೀಪಿನದು, ಎಲ್ಲಿಂದಲೋ ಹಡಗು ಹತ್ತಿ ಬಂದದ್ದು. ಒಡವೆ ಅಂಗಡಿಯಲ್ಲೂ ಚೈತ್ರ ಇಷ್ಟು ಹೊತ್ತು ನಿಂತವಳಲ್ಲ. ಯಾವುದನ್ನು ಮುಟ್ಟಬೇಕೋ ತಿಳಿಯದೆ ಎಲ್ಲವನ್ನೂ ಮುಟ್ಟಿದಳು.

ಅತಾವುಲ್ಲಾ ಒಳಗಿನಿಂದ ಬಟ್ಟೆ ಸುತ್ತಿದ ಒಂದನ್ನು ತಂದು ಮೇಜಿನ ಮೇಲಿಟ್ಟು, ಬಟ್ಟೆಯನ್ನು ನಿಧಾನಕ್ಕೆ ಬಿಡಿಸಿದ.

"ದೊಡ್ ಗಾಡೀದು ಮೇಡಂ. ಜಾಸ್ತಿ ಓಡಿಲ್ಲ. ನೋಡೋಕೆ ಬಸವನಹುಳು ಥರ, ಹಾಕಿದ್ಮೇಲೆ ನೋಡಿ."

ಕೆಂಚಿಯ ಹಳೆಯ ಟರ್ಬೊ ಅಂಗೈಯಲ್ಲಿ ಕೂರುತ್ತಿತ್ತು. ಇದಕ್ಕೆ ಎರಡೂ ಕೈ ಬೇಕು. ಚೈತ್ರ ಅದರ ಚಕ್ರಕ್ಕೆ ಬೆರಳು ತಾಗಿಸಿ ತಿರುಗಿಸಿದಳು. ನುಣ್ಣಗೆ ತಿರುಗಿತು. ಬಾಯಲ್ಲಿ ನೀರೂರಿತು.

"ಇದೇ ಗುರು," ಅಂದ ಶಿವರಾಮ್. ಖುಷಿಯಾದಾಗ ಅವನಿಗೆ ಡಾಕ್ಟರು, ಡ್ರೈವರು ಎಲ್ಲರೂ ಗುರುಗಳೇ. "ಟ್ಯೂನ್ ನಾನು ಮಾಡ್ತೀನಿ. ಶರತ್ ಗಾಡಿಗೂ ಇಂಥದ್ದೇ ಹಾಕಿದೀನಿ. ಲೆವೆಲ್ಲೇ ಬೇರೆ."

"ಶರತ್ ಟರ್ಬೊ ಬದಲಾಯಿಸಿದ್ನಾ?"

"ಹೋದ್ ತಿಂಗ್ಳೇ. ನಿಮ್ಗೆ ಹೇಳಿಲ್ವಾ?"

ಹೇಳಿರಲಿಲ್ಲ. ಆದರೂ ಅವಳು ಜಾಣೆ. "ಎರಡು ದಿನ ಇಟ್ಟಿರಿ ಭಾಯ್, ಯಾರಿಗೂ ಕೊಡಬೇಡಿ," ಎಂದು ಅತಾವುಲ್ಲಾನಿಂದ ಮಾತು ತೆಗೆದುಕೊಂಡು, ಹೊರಗೆ ಬಂದವಳೇ ಶರತ್‌ಗೆ ಫೋನ್ ಮಾಡಿದಳು. "ಅಣ್ಣಾ, ಏನ್ ಕದ್ದು ಮುಚ್ಚಿ ಮಾಡ್ತಿದೀಯ? ನಂಗೂ ಒಂದು ರೌಂಡ್ ತೋರ್ಸು."

ಶರತ್ ಬಚ್ಚಿಡುವ ಜಾತಿಯವನಲ್ಲ. ಹೊಸದನ್ನು ತೋರಿಸದಿದ್ದರೆ ಅವನಿಗೇ ನಿದ್ದೆ ಬಾರದು. ಮರುದಿನ ಸಂಜೆ ಮಾಕಳಿಯ ಲೇಔಟಿನಲ್ಲಿ ಕೋನ್ ಜೋಡಿಸಿಟ್ಟುಕೊಂಡು ಕಾಯುತ್ತಿದ್ದ. ಚೈತ್ರ ಪಕ್ಕದಲ್ಲಿ ಕೂತು ಬೆಲ್ಟ್ ಬಿಗಿದಳು. ಡ್ಯಾಶ್‌ಬೋರ್ಡಿನ ಉದ್ದನೆಯ ಗೂಡಿನಲ್ಲಿ ಪೂಜೆಯ ನಿಂಬೆಹಣ್ಣೊಂದು ಇನ್ನೂ ಇತ್ತು.

ಮೊದಲ ಸುತ್ತು ಅವಳಿಗೆ ಏನೂ ನೆನಪಿಲ್ಲ. ಮುಖ್ಯರಸ್ತೆಯ ನೇರ ದಾರಿಯಲ್ಲಿ ಟರ್ಬೊ ಎದ್ದಾಗ ಬೆನ್ನು ಸೀಟಿಗೆ ಅಂಟಿ, ಟ್ಯಾಂಕು ಓಡೋಡಿ ಬಂದು ಹಿಂದಕ್ಕೆ ಹೋಯಿತು, ಅಷ್ಟೆ. ತಾನು ನಗುತ್ತಿದ್ದೇನೆ ಎಂದು ಕಾರು ನಿಂತ ಮೇಲೆ ಗೊತ್ತಾಯಿತು.

"ಹೆಂಗೆ?" ಅಂದ ಶರತ್, ಮುಖ ಊರಗಲ ಮಾಡಿಕೊಂಡು.

"ಇನ್ನೊಂದ್ ಸಲ."

ಎರಡನೆಯ ಸುತ್ತಿನಲ್ಲಿ ಅವಳು ರಸ್ತೆ ನೋಡಲಿಲ್ಲ. ನಿಂಬೆಹಣ್ಣನ್ನು ನೋಡಿದಳು. ಶರತ್ ಬ್ರೇಕ್ ಒತ್ತಿದಾಗ ಅದು ಗಾಜಿನ ಕಡೆಗೆ ಹೋಗಿ ಕೂರುತ್ತಿತ್ತು. ತಿರುವು ಮುಗಿದು ಅವನು ಪೆಡಲ್ ತುಳಿದರೂ ಅಲ್ಲೇ ಕೂತಿರುತ್ತಿತ್ತು. ಅದಕ್ಕೆ ಏಳುವ ಮನಸ್ಸೇ ಇಲ್ಲ. ಇನ್ನೇನು ಉರುಳಿ ಅವಳ ಕಡೆ ಬರಬೇಕು, ಮುಂದಿನ ತಿರುವು ಬಂದು ಶರತ್ ಮತ್ತೆ ಬ್ರೇಕ್ ಒತ್ತುತ್ತಿದ್ದ. ಮುಖ್ಯರಸ್ತೆಯಲ್ಲಿ ಮಾತ್ರ ಅರ್ಧ ದಾರಿಯಾದ ಮೇಲೆ ಹಣ್ಣು ಜಿಗಿದು ಅವಳ ಮಡಿಲಿಗೆ ಬಿತ್ತು. ಇಡೀ ಸುತ್ತಿನಲ್ಲಿ ಒಂದೇ ಒಂದು ನೇರ ದಾರಿ. ಉಳಿದದ್ದೆಲ್ಲ ತಿರುವು.

ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಮನೆಗೆ ಬಂದಳು. ತಲೆ ಗುಂಯ್ ಎನ್ನುತ್ತಿತ್ತು. ದೊಡ್ಡ ಟರ್ಬೊದ ಆ ಹೊಡೆತ ಬೆನ್ನಿನಲ್ಲಿ ಇನ್ನೂ ಇತ್ತು, ಅದು ಬೇಕೇ ಬೇಕು ಎಂದು ಮೈ ಕೇಳುತ್ತಿತ್ತು. ನಿಂಬೆಹಣ್ಣು ಬೇರೆಯೇ ಹೇಳುತ್ತಿತ್ತು: ತುಳಿದ ಮೇಲೂ ಕಾಯಬೇಕು.

ತೀರ್ಮಾನವಾದದ್ದು ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ. ಕುರ್ಚಿಯಲ್ಲಿ ಒಬ್ಬರು ಬಾಯಿ ತೆರೆದು ಮಲಗಿದ್ದರು. ಚೈತ್ರ ಎಂದಿನಂತೆ ಕಾಲಿನಿಂದ ಪೆಡಲ್ ತುಳಿದಳು. ಕೈಯಲ್ಲಿದ್ದ ಡ್ರಿಲ್ ತುಳಿದ ಗಳಿಗೆಯಲ್ಲೇ ಚೀ ಎಂದು ತಿರುಗಿತು. ಬಿಟ್ಟಳು, ನಿಂತಿತು. ಮತ್ತೆ ತುಳಿದಳು, ಮತ್ತೆ ಆ ಕ್ಷಣವೇ ಚೀ. ಅದರೊಳಗೂ ಗಾಳಿಗೆ ತಿರುಗುವ ಚಕ್ರವೇ ಇರುವುದು, ಕಡಲೆಕಾಳಿನಷ್ಟು. ಚಿಕ್ಕದು, ಹಗುರ, ಆದ್ದರಿಂದ ಕಾಯಿಸುವುದಿಲ್ಲ. ಇಷ್ಟು ವರ್ಷ ದಿನವಿಡೀ ಕಾಲ ಕೆಳಗೇ ಇದ್ದದ್ದು ಅವಳಿಗೆ ಈಗ ಹೊಳೆಯಿತು. ಇನ್ನೊಂದು ಸಲ ಸುಮ್ಮಸುಮ್ಮನೆ ತುಳಿದಳು.

ಮಲಗಿದ್ದವರು ಕಣ್ಣು ತೆರೆದು, ಗಾಬರಿಯಿಂದ, "ಇನ್ನೂ ಇದ್ಯಾ ಡಾಕ್ಟ್ರೇ?" ಅಂದರು.

"ಇಲ್ಲ ಇಲ್ಲ, ನಿಮ್ದು ಮುಗೀತು," ಅಂದಳು ಚೈತ್ರ. ಮಾಸ್ಕಿನೊಳಗೆ ಅವಳ ನಗು ಕಿವಿಯವರೆಗೆ ಹೋಗಿತ್ತು.

ಶಿವರಾಮನಿಗೆ ಅದನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ.

"ಸಣ್ಣದಾ? ಹಳೇದೇ ವಾಪಸ್ ಹಾಕಿದ್ರೆ ಏನ್ ಸುಖ?"

"ಹಳೇದಲ್ಲ ಶಿವರಾಮಣ್ಣ. ಹಳೇದರ ಗೂಡಿನೊಳಗೇ ಕೂರೋ ಥರ, ಒಂದು ಚೂರು ದೊಡ್ಡ ಚಕ್ರ, ಬೇಗ ತಿರುಗೋ ಬಾಲ್ ಬೇರಿಂಗ್ ಇರೋದು. ಕೊಯಮತ್ತೂರಲ್ಲಿ ಒಬ್ರು ಮಾಡಿಕೊಡ್ತಾರಂತಲ್ಲ, ನೀವೇ ಒಂದ್ಸಲ ಹೇಳಿದ್ರಿ."

"ಅದು ಬರೋ ಹೊತ್ತಿಗೆ ರೇಸ್ ಬಂದಿರುತ್ತೆ. ಅತಾವುಲ್ಲಾದು ಇವತ್ತೇ ಕೂರಿಸ್ಬಹುದು. ಟಾಪಲ್ಲಿ ಪವರ್ ನೋಡಿ ಹೆಂಗಿದೆ."

"ಟಾಪ್‌ಗೆ ಹೋಗೋಕೆ ಆ ಲೇಔಟಲ್ಲಿ ಜಾಗ ಎಲ್ಲಿದೆ? ತುಳಿದ ತಕ್ಷಣ ಬರ್ಬೇಕು ನಂಗೆ. ಎಷ್ಟು ಬರುತ್ತೆ ಅನ್ನೋದು ಆಮೇಲೆ."

ಶಿವರಾಮ್ ಮೂಗು ಮುರಿದ. ಬಡಿಸಿದ ಹಬ್ಬದೂಟವನ್ನು ತಟ್ಟೆಯಿಂದ ಎತ್ತಿಕೊಂಡು ಹೋದರೆ ಹೇಗೋ ಹಾಗಿತ್ತು ಅವನ ಮುಖ. ಆದರೆ ಫೋನ್ ತೆಗೆದು ಕೊಯಮತ್ತೂರಿಗೆ ಮಾತಾಡಿದ. ತಾನು ಒಪ್ಪದ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವುದು ಅವನ ಗುಣ.

ಚೈತ್ರ ಶರತ್‌ಗೂ ಹೇಳಿದಳು. ಹೇಳಬಾರದು ಎಂದು ಒಂದು ಇಡೀ ಸಂಜೆ ಬಾಯಿ ಬಿಗಿ ಹಿಡಿದಿದ್ದಳು, ಆಗಲಿಲ್ಲ. ಸೈಕಲ್ ಕಲಿಸಿದವನು ಅವನು, ಮೊದಲ ಸಲ ಕಾರಿನ ಸ್ಟೀರಿಂಗ್ ಕೈಗೆ ಕೊಟ್ಟವನೂ ಅವನೇ. "ಅಣ್ಣಾ, ನಿನ್ ಟರ್ಬೊಗೆ ಎಚ್ಚರ ಆಗೋಷ್ಟರಲ್ಲಿ ಮುಂದಿನ ಟರ್ನ್ ಬಂದಿರುತ್ತೆ ಕಣೋ. ಹಳೇದೇ ಹಾಕ್ಕೋ."

ಶರತ್ ಜೋರಾಗಿ ನಕ್ಕ. "ಭಯ ಆಯ್ತಾ ಚೈತು? ಇರ್ಲಿ ಬಿಡು, ಸೆಕೆಂಡ್ ಪ್ಲೇಸ್ ನಿಂಗೇ."

ಅಷ್ಟು ಹೇಳಿದ ಮೇಲೆ ಅವಳ ಮನಸ್ಸು ಹಗುರವಾಯಿತು. ಛಲ ಮಾತ್ರ ಇಮ್ಮಡಿಯಾಯಿತು.

ಆಮೇಲಿನ ದಿನಗಳನ್ನು ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಕೊರಿಯರ್ ಎಲ್ಲಿದೆ ಎಂದು ಒಬ್ಬರ ಹಲ್ಲಿಗೂ ಇನ್ನೊಬ್ಬರ ಹಲ್ಲಿಗೂ ನಡುವೆ ಫೋನ್ ನೋಡುವುದು, ಹೊಸೂರಿಗೆ ಬಂತು ಎಂದು ಕಂಡರೆ ಕುಣಿಯುವುದು, ಅಲ್ಲೇ ನಿಂತಿತು ಎಂದು ಕಂಡರೆ ಶಪಿಸುವುದು. ಓಟಕ್ಕೆ ಎರಡು ದಿನ ಮುಂಚೆ ಪೆಟ್ಟಿಗೆ ಬಂತು. ಶಿವರಾಮ್ ಕೂರಿಸಿ, ಹದ ಮಾಡಿ, ತಾನೇ ಓಡಿಸಿಕೊಂಡು ಹೆಬ್ಬಾಳದ ಸರ್ವಿಸ್ ರಸ್ತೆಗೆ ಹೋದ. ಹಿಂದಿರುಗಿ ಬಂದು ಕೀಲಿಯನ್ನು ಅವಳ ಕೈಗಿಟ್ಟ. ಮೂಗು ಮುರಿಯುವುದನ್ನು ಬಿಟ್ಟಿದ್ದ.

"ಏನ್ ಡಾಕ್ಟ್ರೇ ಇದು, ಕಾಲು ಇಡೋದ್ರೊಳಗೆ ಹೊರಟೇಬಿಡುತ್ತೆ," ಅಂದ.

ಭಾನುವಾರ ಲೇಔಟಿನ ತುಂಬ ಜನ. ಕೋಗಿಲಿನವರು, ಮಾಕಳಿಯವರು, ಸೈಟು ಕೊಂಡವರು, ಕಡಲೆಕಾಯಿ ಮಾರುವವರು. ಬೈರಣ್ಣ ಹೆಗಲ ಮೇಲಿನ ಟವೆಲ್ ಹಿಡಿದು ಗೆರೆಯ ಪಕ್ಕ ನಿಂತಿದ್ದ. ಅವನು ಟವೆಲ್ ಬೀಸಿದರೆ ಹೊರಡಬೇಕು. ಒಬ್ಬೊಬ್ಬರಿಗೆ ಎರಡು ಸುತ್ತು, ಒಳ್ಳೆಯದನ್ನೇ ಲೆಕ್ಕಕ್ಕೆ ಹಿಡಿಯುವುದು. ಕೋನ್ ಬೀಳಿಸಿದರೆ ದಂಡ. ಹಿಂದಿನ ವರ್ಷ ಗೆದ್ದವನು ಕೊನೆಯಲ್ಲಿ ಓಡಿಸುವುದು ಪದ್ಧತಿ.

ಮೊದಲ ಸುತ್ತಿನಲ್ಲಿ ಚೈತ್ರ ಎಡವಿದಳು. ಹಳೆಯ ಅಭ್ಯಾಸದಂತೆ ತಿರುವು ಮುಗಿಯುವ ಮೊದಲೇ ತುಳಿದಳು. ಕಾಯುವುದೇ ಗೊತ್ತಿಲ್ಲದ ಹೊಸ ಟರ್ಬೊ ಅವಳಿಗಿಂತ ಮುಂದೆ ಹೋಯಿತು. ಎರಡು ಕೋನ್ ಹಾರಿ ಚರಂಡಿಗೆ ಬಿದ್ದವು. ದಂಡ ಸೇರಿ ಅವಳ ಸಮಯ ಯಾವುದಕ್ಕೂ ಬಾರದೇಹೋಯಿತು. ಶರತ್ ಚೆನ್ನಾಗಿಯೇ ಓಡಿಸಿದ. ಮುಖ್ಯರಸ್ತೆಯಲ್ಲಿ ಅವನ ಕಾರು ಸಿಡಿದಾಗ ಜನ ಶಿಳ್ಳೆ ಹೊಡೆದರು. ಹೋದ ವರ್ಷದ ಅವನದೇ ಸಮಯಕ್ಕೆ ಮಾತ್ರ ಅದು ಮುಟ್ಟಲಿಲ್ಲ. ಅದನ್ನು ಗಮನಿಸಿದ್ದು ಚೈತ್ರ ಒಬ್ಬಳೇ.

ಇನ್ನೊಂದೇ ಸುತ್ತು. ಹೆಲ್ಮೆಟ್ ತೆಗೆದು ಕಾರಿಗೊರಗಿ ನಿಂತು ಚೈತ್ರ ಸುತ್ತ ನೋಡಿದಳು. ದೂರದಲ್ಲಿ, ಟ್ಯಾಂಕಿನ ನೆರಳಲ್ಲಿ, ಕುರ್ಚಿ ಹಾಕಿಕೊಂಡು ಸುಬ್ಬಮ್ಮ ಕೂತಿದ್ದಳು. ಕೆಂಚಿಯ ಹತ್ತಿರ ಬರುವುದಿಲ್ಲ ಎಂದು ಹಿಡಿದ ಹಠವನ್ನು ಇನ್ನೂ ಬಿಟ್ಟಿರಲಿಲ್ಲ. ಚೈತ್ರ ಹೋಗಿ ಅವಳ ಕೈ ಹಿಡಿದು ಎಬ್ಬಿಸಿ ಕರೆತಂದಳು.

"ಬ್ಯಾಡ ಕಣವ್ವ, ನನ್ ಕೈ ಸರಿ ಇಲ್ಲ."

"ಅಜ್ಜಿ, ನೀನು ಅದಕ್ಕೆ ಕಲ್ಲುಸಕ್ಕರೆ ತಿನ್ನಿಸದೇ ಇದ್ದಿದ್ರೆ ಈ ಟರ್ಬೊ ನಂಗೆ ಬರ್ತಾನೇ ಇರ್ಲಿಲ್ಲ. ಮುಟ್ಟು. ಈಗ ಬಾಯಿ ಭದ್ರವಾಗಿ ಮುಚ್ಚಿದೆ."

ಸುಬ್ಬಮ್ಮ ಅಂಜುತ್ತಲೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಇಂಜಿನ್ನು ಬೆಚ್ಚಗಿತ್ತು. "ಉಸಾರು ಕಣೇ ಕೆಂಚಿ," ಅಂದಳು, ಮೊಮ್ಮಗಳಿಗಲ್ಲ, ಕಾರಿಗೆ.

ಬೈರಣ್ಣ ಟವೆಲ್ ಬೀಸಿದ.

ಈ ಸಲ ಚೈತ್ರ ಕಾದಳು. ಮುಂಚೆಯೇ ತುಳಿಯಬೇಡ, ಮೂತಿ ನೇರವಾಗಲಿ, ಆಮೇಲೆ ತುಳಿ. ಮೊದಲ ತಿರುವಿನಲ್ಲಿ ತುಳಿದಳು. ತುಳಿದ ಗಳಿಗೆಯಲ್ಲೇ ಕಿವಿಯ ಪಕ್ಕ ಚೀ ಎಂದು ಶಿಳ್ಳೆ, ಬೆನ್ನಿಗೆ ಒಂದು ನೂಕು. ಎರಡನೆಯ ತಿರುವು, ಮತ್ತೆ ಚೀ, ಮತ್ತೆ ನೂಕು. ಪಾರ್ಕಿನ ಸುತ್ತ ಕೋನ್‌ಗಳ ನಡುವೆ ಕಾರು ಬಲಕ್ಕೆ, ಎಡಕ್ಕೆ, ಬಲಕ್ಕೆ ಹೊರಳಿತು, ಒಂದಕ್ಕೂ ತಾಗಲಿಲ್ಲ. ಅವಳ ಕಾಲಿಗೂ ಚಕ್ರಗಳಿಗೂ ನಡುವೆ ಏನೂ ಇರಲಿಲ್ಲ. ಇಷ್ಟು ಖುಷಿಯನ್ನು ಅವಳು ಸ್ಟೀರಿಂಗ್ ಹಿಡಿದು ಯಾವತ್ತೂ ಕಂಡಿರಲಿಲ್ಲ. ಹೆಲ್ಮೆಟ್ಟಿನೊಳಗೆ ತಾನು ಏನೇನೋ ಕೂಗುತ್ತಿದ್ದೇನೆ ಅನ್ನುವುದು ಗೆರೆ ದಾಟಿದ ಮೇಲೆ ತಿಳಿಯಿತು.

ಈಗ ಉಳಿದದ್ದು ಶರತ್ ಒಬ್ಬನೇ. ಚೈತ್ರ ಕಾರಿನಿಂದಿಳಿದು, ಗಡಿಯಾರ ನೋಡದೆ, ಕಣ್ಣು ಮುಚ್ಚಿ ಕಿವಿಗೊಟ್ಟು ನಿಂತಳು. ಅವನ ಇಂಜಿನ್ನಿನ ಸದ್ದು ತಿರುವಿನಿಂದ ಹೊರಬರುತ್ತಿತ್ತು, ಆಮೇಲೆ ಒಂದು ಖಾಲಿ ಗಳಿಗೆ, ಆಮೇಲೆ ಶಿಳ್ಳೆ ಏಳುವುದರಲ್ಲಿತ್ತು, ಅಷ್ಟರಲ್ಲಿ ಟೈರು ಕಿರುಚುತ್ತಿತ್ತು. ಪ್ರತಿ ತಿರುವಿನಲ್ಲೂ ಅದೇ ಖಾಲಿ. ಮುಖ್ಯರಸ್ತೆಗೆ ಬಂದಾಗ ಕಾರು ಗುಡುಗಿತು. ಆ ಗುಡುಗು ಗೆರೆಯವರೆಗೂ ಬಂದು ದಾಟಿ ನಿಂತಿತು.

ಬೈರಣ್ಣ ಸಮಯ ಅಳೆಯುವ ಗಡಿಯಾರದ ಪೆಟ್ಟಿಗೆಯ ಮೇಲೆ ಬಗ್ಗಿ ಒಂದು ಸಲ ನೋಡಿದ, ಕನ್ನಡಕ ಒರೆಸಿ ಇನ್ನೊಂದು ಸಲ ನೋಡಿದ. ಟವೆಲ್ಲನ್ನು ಮಡಚಿ ಹೆಗಲಿಗೆ ಹಾಕಿಕೊಂಡ. ನೀಲಿ ಬಣ್ಣದ ಡಬ್ಬಿಯನ್ನು ಎತ್ತಿಕೊಂಡು ಮಗನನ್ನು ದಾಟಿ ನಡೆದುಬಂದು ಅದನ್ನು ಚೈತ್ರಳ ಕೈಗೆ ಕೊಟ್ಟ.

"ಅರ್ಧ ಸೆಕೆಂಡೂ ವ್ಯತ್ಯಾಸ ಇಲ್ಲ," ಅಂದ. "ಆದ್ರೂ ಗೆಲುವು ಗೆಲುವೇ. ದೊಡ್ದಾಗಿ ಬರಿ."

ಶರತ್ ಹೆಲ್ಮೆಟ್ ತೆಗೆದು ಪೆಚ್ಚುಮೋರೆ ಹಾಕಿಕೊಂಡು ಬಂದ. ಹತ್ತಿರ ಬಂದಂತೆ ಆ ಮೋರೆಯಲ್ಲೇ ನಗು ಕಾಣಿಸಿತು. "ನೀನ್ ಹೇಳಿದ್ದೆ ಕಣೇ," ಅಂದು ತಂಗಿಯ ತಲೆಗೊಂದು ಮೊಟಕಿ, ಅವಳು ಬರೆಯುವಾಗ ಬಣ್ಣದ ಡಬ್ಬಿಯನ್ನು ತಾನೇ ಹಿಡಿದು ನಿಂತ.

ನಾಲ್ಕು ಶರತ್‌ಗಳ ಕೆಳಗೆ ಚೈತ್ರ ತನ್ನ ಹೆಸರು ಬರೆದಳು. ಅವಸರಕ್ಕೆ ಒತ್ತಕ್ಷರ ಸೊಟ್ಟಗಾಯಿತು. ಬಣ್ಣ ಸಣ್ಣಗೆ ಕೆಳಗಿಳಿಯಿತು. ಅವಳು ಹಿಂದೆ ಸರಿದು ಎಷ್ಟು ಹೊತ್ತು ನೋಡಿದರೂ ಸಾಕೆನಿಸಲಿಲ್ಲ.

"ನಿಂದು ಯಾವ್ದವ್ವ ಇದ್ರಾಗೆ?" ಓದು ಬಾರದ ಸುಬ್ಬಮ್ಮ ಪಕ್ಕದಲ್ಲಿ ಬಂದು ನಿಂತು ಕೇಳಿದಳು.

"ಎಲ್ಲಕ್ಕಿಂತ ಕೆಳಗಿರೋದು ಅಜ್ಜಿ. ನಿನ್ನ ಕೈಗೆ ಸಿಗುತ್ತೆ ನೋಡು."

ಸುಬ್ಬಮ್ಮ ಕೈ ಚಾಚಿ, ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು. ಬೆರಳಿಗೆ ನೀಲಿ ಮೆತ್ತಿತು. ಅದನ್ನು ಅವಳು ನೋಡಿಕೊಳ್ಳಲೂ ಇಲ್ಲ. ನೇರ ಕಾರಿನ ಮುಂದೆ ಹೋಗಿ ಬಗ್ಗಿ, ಹಬ್ಬದ ದಿನ ಹಸುವಿಗೆ ಇಡುತ್ತಿದ್ದ ಹಾಗೆ, ಆ ಬೆರಳಿನಿಂದ ಕೆಂಚಿಯ ಕೆಂಪು ಬಾನೆಟ್ಟಿನ ನಟ್ಟನಡುವೆ ದೊಡ್ಡದೊಂದು ಬೊಟ್ಟು ಇಟ್ಟಳು.

"ಅಯ್ಯೋ ಅಜ್ಜಿ, ಅದು ಪೇಂಟು, ಹೋಗಲ್ಲ," ಎಂದು ಶಿವರಾಮ್ ಬಟ್ಟೆ ಹಿಡಿದು ಓಡಿಬಂದ.

ಚೈತ್ರ ಅವನ ಕೈಯಿಂದ ಬಟ್ಟೆ ಕಿತ್ತುಕೊಂಡು ತನ್ನ ಜೇಬಿಗೆ ತುರುಕಿಕೊಂಡಳು.